ಕೊನೆಯ ರೂಮಿನ ಗಂಟು

"ಆ ಕೊನೇ ರೂಮಿನ ಹಾಸಿಗೆ ಎತ್ತಬೇಡ ಕಣೇ. ಮೇಲ್ಮೇಲೆ ಶೀಟು ಬದಲಾಯಿಸಿ ಬಂದ್ಬಿಡು. ಕೆಳಗೊಂದು ಗಂಟಿದೆ, ಅದನ್ನ ಮಾತ್ರ ಬಿಚ್ಚಬೇಡ."

ಹೋಟೆಲಿನಲ್ಲಿ ಎಲ್ಲರಿಗಿಂತ ಹಳಬಳಾದ ದೊಡ್ಡಕ್ಕ ಹೀಗೆ ಪಿಸುಗುಟ್ಟಿದಾಗ ಹೊಸಬಳಿಗೆ ನಗು ಬಂತು. ರೂಮು ಗುಡಿಸಿ ಒರೆಸುವ ಈ ಕೆಲಸಕ್ಕೆ ಸೇರಿ ಎಂಟೇ ದಿನ. ಮಧ್ಯಾಹ್ನದೊಳಗೆ ಹದಿನಾರು ರೂಮು ಮುಗಿಯಬೇಕು. ಸೊಂಟ ಬಿದ್ದುಹೋಗಿತ್ತು. ಬೆಳಗ್ಗಿನಿಂದ ಸೂಪರ್‌ವೈಸರ್ ಬೇರೆ ತಲೆ ತಿನ್ನುತ್ತಿದ್ದ.

"ಮಾಟ ಮಾಡೋಕೆ ನಂಗೂ ಒಂಚೂರು ಪುರುಸೊತ್ತು ಕೊಡ್ಸಿ ಅಕ್ಕಾ. ಮೊದ್ಲು ಆ ಸೂಪರ್‌ವೈಸರ್‌ಗೇ ಮಾಡ್ತೀನಿ," ಎಂದು ಟ್ರಾಲಿ ತಳ್ಳಿಕೊಂಡು ಹೋದಳು.

ಮೂರನೇ ಮಹಡಿಯ ಕೊನೆಯ ರೂಮು. ಕಿಟಕಿ ತೆರೆದಿದ್ದರೂ ಒಳಗೆ ಮಬ್ಬು. ಫಿನಾಯಿಲಿನ ಘಾಟಿನ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು. ಶೀಟು ಹಾಸಿದಳು. ನಡುವೆ ಉಬ್ಬು. ಎಳೆದಳು, ತಟ್ಟಿದಳು, ಮತ್ತೆ ಅದೇ ಉಬ್ಬು. ಮೂರನೇ ಸಲಕ್ಕೆ ಮೈಯೆಲ್ಲ ಉರಿದುಹೋಯಿತು. ಶೀಟಿನ ಸಮೇತ ಹಾಸಿಗೆಯನ್ನೇ ಎತ್ತಿ ಗೋಡೆಗೆ ಆನಿಸಿದಳು. ಅಡಿಯಲ್ಲಿ ಮುಷ್ಟಿಗಾತ್ರದ ಕೂದಲಿನ ಗಂಟು, ಸುತ್ತ ಕಪ್ಪು ದಾರ.

ಇಷ್ಟಕ್ಕೇನಾ ಅಷ್ಟೊಂದು ಪುರಾಣ! ಗಂಟನ್ನು ಕೈಗೆತ್ತಿಕೊಂಡು, ಜೇಬಿನ ಕತ್ತರಿ ತೆಗೆದು ದಾರ ಕತ್ತರಿಸಿದಳು.

ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಹಾಸಿಗೆ ಧೊಪ್ಪನೆ ಬಿತ್ತು. ಅದರ ಮೇಲೆ ಯಾರೋ ಮಗ್ಗುಲಾದ ಸದ್ದು. ಶೀಟಿನಡಿ ಮೊದಲು ಮಂಡಿ ಮೂಡಿತು. ಆಮೇಲೆ ಭುಜ. ಆಮೇಲೆ ತೆರೆದ ಬಾಯಿ. ಬಾಗಿಲು ಜಗ್ಗಿದಳು. ಬರಲಿಲ್ಲ. ಕೂಗಲು ಹೋದಳು. ಬಾಯಿ ತುಂಬ ಕೂದಲು. ಉಗುಳಿದಷ್ಟೂ ಕೂದಲು.

"ಬಿಚ್ಚಿಬಿಟ್ಯಾ?" ಹೊರಗಿನಿಂದ ದೊಡ್ಡಕ್ಕ ಬಾಗಿಲು ಬಡಿಯುತ್ತಿದ್ದಳು. "ನಿನ್ನ ಜಡೆ ಕೊಯ್ದು ಆ ಗಂಟಿಗೆ ಸುತ್ತು! ಅದು ಎದ್ದು ನಿಲ್ಲೋದ್ರೊಳಗೆ!"

ಅದು ಆಗಲೇ ಎದ್ದು ಕೂತಿತ್ತು. ಜಡೆಗೆ ಕತ್ತರಿ ಹಾಕಿದಳು. ಒಂದು ಕಚ್ಚು. ಇನ್ನೊಂದು. ಜಡೆ ಕೈಗೆ ಬಂತು. ಸುತ್ತಿದಳು. ಬಿಗಿದಳು. ಕುತ್ತಿಗೆಗೆ ತಣ್ಣನೆಯ ಉಸಿರು ತಾಗಿತು. ಕೊನೆಯ ಗಂಟು. ಶೀಟು ಕುಸಿಯಿತು. ಬಾಗಿಲು ತೆರೆಯಿತು.

ಸಂಜೆ, ಮಗಳ ಮುಖ ಕಂಡರೆ ಸಾಕೆಂದು ಬಸ್ಸು ಹತ್ತಿದಳು. ಮೊದಲ ತಿರುವಿನಲ್ಲೇ ಯಾರೋ ಮೋಟು ಕೂದಲು ಹಿಡಿದು ಹಿಂದಕ್ಕೆ ಜಗ್ಗಿದರು. ತಿರುಗಿದರೆ ಹಿಂದಿನ ಸೀಟು ಖಾಲಿ. ಬಸ್ಸು ಮುಂದೆ ಹೋದಷ್ಟೂ ಜಗ್ಗು ಬಲವಾಯಿತು. ನೆತ್ತಿಯಿಂದ ರಕ್ತ ಹಣೆಗಿಳಿಯಿತು. ಕಿರುಚಿ ಇಳಿದು ಹೋಟೆಲಿನತ್ತ ನಡೆದಳು. ಹೆಜ್ಜೆ ಹೆಜ್ಜೆಗೂ ನೋವು ಇಳಿಯುತ್ತ ಬಂತು.

ಹಿಂಬಾಗಿಲಲ್ಲಿ ದೊಡ್ಡಕ್ಕ ಚೀಲ ಹಿಡಿದು ನಿಂತಿದ್ದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಅಡಿಯಲ್ಲಿ ಇವಳದರಂಥದೇ ಮೋಟು ಕೂದಲು.

"ನೀನು ಬಿಚ್ಚಿದ್ದು ನಾನು ಕಟ್ಟಿದ್ದ ಗಂಟು ಕಣೇ. ಇನ್ಮೇಲೆ ಅದನ್ನ ಹಿಡಿದಿರೋದು ನಿನ್ನ ಜಡೆ. ಹತ್ತೊಂಬತ್ತು ವರ್ಷ ಆಯ್ತು, ಕೂದ್ಲೂ ಬೆಳೆದಿಲ್ಲ, ಆ ತಿರುವೂ ದಾಟಿಲ್ಲ ನಾನು. ಬೇಡ ಅಂದಿದ್ದೆ… ಬಾಯಿಬಿಟ್ಟು ಬೇಡ ಅಂದಿದ್ದೆ."

"ಹಾಗಾದ್ರೆ ನನ್ನ ಮಗಳು?"

ದೊಡ್ಡಕ್ಕ ಕಣ್ಣೊರೆಸಿಕೊಂಡಳು. ಆಮೇಲೆ, ಎಲ್ಲಿ ತನ್ನ ಮನಸ್ಸು ಕರಗಿಬಿಡುತ್ತದೋ ಎಂಬ ಹೆದರಿಕೆಗೆ, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಓಡತೊಡಗಿದಳು. ತಿರುವು ದಾಟಿದಳು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.