ಮರಳಿ ಬಂದ ನೀಲಿ

ಆ ನೀಲಿ ಈ ವರ್ಷ ಬರಬಾರದಿತ್ತು.

ಗೇಟಿನ ಹತ್ತಿರ ಏಣಿ ಇಳಿಸಿದವನು ಅಲ್ಲೇ ನಿಂತುಬಿಟ್ಟೆ. ಟೈಲರಮ್ಮನ ಮನೆಯ ಸಮುದ್ರದ ಕಡೆಯ ಗೋಡೆಯಲ್ಲಿ, ಕಿಟಕಿಯ ಪಕ್ಕ, ಬಿಳಿ ಬಣ್ಣ ಎದ್ದು ಉದುರಿತ್ತು. ಅದರೊಳಗಿಂದ ನೀಲಿ ಕಾಣಿಸುತ್ತಿತ್ತು, ಒಬ್ಬ ಮನುಷ್ಯ ನಿಂತಷ್ಟು ಎತ್ತರಕ್ಕೆ.

"ಬಂದ್ರಾ ಪೇಂಟ್ರೇ? ಏನು, ಗೋಡೆನ ಇವತ್ತೇ ಮೊದಲು ನೋಡೋರ ಥರ ನಿಂತಿದೀರ?" ಕಿಟಕಿಯಿಂದ ಅವಳು ಕೇಳಿದಳು.

ಎದುರಿಗೆ 'ನೀವು' ಅನ್ನುತ್ತೇನೆ. ಮನಸ್ಸಿನಲ್ಲಿ ಅವಳು ಯಾವತ್ತೋ 'ಅವಳು' ಆಗಿಬಿಟ್ಟಿದ್ದಾಳೆ.

ಆ ನೀಲಿಯ ವಿಷಯ ಹೇಳಿಬಿಡುತ್ತೇನೆ. ಅವಳ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಈ ಮನೆಗೆ ಬಂದ ವಾರವೇ ತಾವೇ ಬ್ರಷ್ ಹಿಡಿದು ಗೋಡೆಗೆ ನೀಲಿ ಹಚ್ಚಿದರು. ನಾವು ಕಸುಬಿನವರು ಮೇಲಿನಿಂದ ಕೆಳಕ್ಕೆ ಎಳೆದು ಮುಗಿಸುತ್ತೇವೆ. ಅವರು ಅಲೆಯ ಹಾಗೆ ಅಡ್ಡಡ್ಡ ಎಳೆದಿದ್ದರು. ಅದೇ ತಿಂಗಳು ಒಂದು ಬೆಳಿಗ್ಗೆ ಈಜಲು ಹೋದವರು ತಿರುಗಿ ಬರಲಿಲ್ಲ. ಮಡಿಚಿಟ್ಟ ಟವೆಲ್ ಮಾತ್ರ ಮರಳಿನ ಮೇಲೆ ಇತ್ತಂತೆ.

ಮಾರನೆಯ ವರ್ಷ ನಾನು ಬಂದು ಆ ನೀಲಿಯ ಮೇಲೆ ಬಿಳಿ ಹಚ್ಚಿ ಹೋದೆ. ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪುಗಾಳಿಗೆ ಬಿಳಿ ಎದ್ದು ನೀಲಿ ಹೊರಬಿತ್ತು. ನಾನು ಮತ್ತೆ ಬಣ್ಣಕ್ಕೆ ಬಂದಾಗ ಅವಳು ಅದರ ಮೇಲೆ ಅಂಗೈ ಇಟ್ಟು, "ಬಂದ್ರು ನೋಡಿ" ಅಂದಳು. ಇನ್ನೊಂದು ಮಾತೂ ಅಂದಳು. "ಇದು ಬರೋದು ನಿಂತ ವರ್ಷ ಮನೆ ಮಾರಿ ಅಕ್ಕನ ಊರಿಗೆ ಹೋಗ್ತೀನಿ. ಅಲ್ಲಿ ಸಮುದ್ರ ಇಲ್ಲ."

ಅವತ್ತಿನಿಂದ ನಾನು ಕಳ್ಳನಾದೆ. ಮನೆಯ ಉಳಿದ ಗೋಡೆಗಳನ್ನೆಲ್ಲ ಕೆರೆದು, ಪ್ರೈಮರ್ ಕೊಟ್ಟು, ಎರಡು ಕೋಟ್ ಹಚ್ಚುತ್ತಿದ್ದೆ. ಕಿಟಕಿಯ ಪಕ್ಕ ಮಾತ್ರ ಸುಮ್ಮನೆ ಬಟ್ಟೆಯಲ್ಲಿ ಒರೆಸಿ ಬಿಳಿ ಬಳಿಯುತ್ತಿದ್ದೆ. ಹಾಗೆ ಹಚ್ಚಿದ ಬಣ್ಣ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಅವಳು ಹೋಗಿಬಿಟ್ಟರೆ ಈ ಸಮುದ್ರ ನನಗೆ ಬರೀ ಉಪ್ಪುನೀರು. ಅದಕ್ಕೇ ಸತ್ತವರನ್ನು ವರ್ಷಕ್ಕೊಮ್ಮೆ ನಾನೇ ಕರೆತಂದು ನಿಲ್ಲಿಸುತ್ತಿದ್ದೆ. ನನ್ನ ಮತ್ತು ಅವಳ ನಡುವೆ ನಿಂತವರನ್ನು ನಾನೇ ಕಾಯುತ್ತಿದ್ದೆ, ಎಂಥ ಹಣೆಬರಹ.

ಹೋದ ವರ್ಷ ಕೈ ಮುರಿದುಕೊಂಡೆ. ನನ್ನ ಬದಲು ಭಾವ ಬಂದು ಬಣ್ಣ ಹಚ್ಚಿದರು. ಭಾವ ಬಲು ನಿಯತ್ತಿನ ಮನುಷ್ಯ. "ಹಳೇ ನೀಲಿ ಒಂದಿತ್ತು ಕಣೋ, ಸಿಮೆಂಟ್ ಕಾಣೋವರೆಗೂ ಕೆರೆದು ಹಾಕಿದೆ" ಎಂದು ಹೆಮ್ಮೆಯಿಂದ ಹೇಳಿದರು. ಒಂದು ವರ್ಷ ನನಗೆ ಸರಿಯಾಗಿ ಅನ್ನ ಸೇರಲಿಲ್ಲ.

ಈಗ ನೋಡಿದರೆ ನೀಲಿ ನಿಂತಿದೆ. ಇದನ್ನು ಕರೆತಂದವನು ನಾನಲ್ಲ.

"ಒಳಗೆ ಬನ್ನಿ, ಟೀ ಆರುತ್ತೆ" ಅಂದಳು.

ಒಳಗೆ ಹೊಲಿಗೆ ಮಿಷಿನ್ ಪಕ್ಕ ಶಾಲೆಯ ಯೂನಿಫಾರ್ಮುಗಳ ರಾಶಿ. ಅವಳು ಸೂಜಿ ಡಬ್ಬಿ ನನ್ನ ಮುಂದೆ ಹಿಡಿದಳು. "ಹೋದ ವಾರ ತಂದಿದ್ದು, ಆಗಲೇ ತುಕ್ಕು. ಬಟ್ಟೆ ಸಂಜೆಯಾದ್ರೂ ಅಂಟಂಟು. ಹಾಸಿಗೆ ಕೊಡವಿದ್ರೆ ಒಂದು ಹಿಡಿ ಮರಳು."

"ಮತ್ತೆ ಯಾಕಿದೀರ ಇಲ್ಲಿ?"

"ಸಂಜೆ ಐದಕ್ಕೆ ಈ ಸ್ಟೂಲ್ ಮೇಲೆ ಕೂತು ನೋಡಿ. ಹೊಲೀತಿರೋ ಬಟ್ಟೆ ಮೇಲೆಲ್ಲ ಬಂಗಾರದ ಬಿಸಿಲು. ಅಲೆ ಸದ್ದಿಲ್ಲದ ಕಡೆ ಮಲಗಿದ್ರೆ ನಂಗೆ ನಿದ್ದೇನೂ ಬರಲ್ಲ. ಸಮುದ್ರ ಅಂದ್ರೆ ಅತ್ತೆ ಇದ್ದ ಹಾಗೆ ಪೇಂಟ್ರೇ. ಬೈಕೊಂಡೇ ಜೊತೆಗಿರಬೇಕು."

ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಸೂಜಿಗೆ ಪೋಣಿಸಿದಳು. ತೆರೆದ ಇನ್ನೊಂದು ಕಣ್ಣು ಸೂಜಿಯನ್ನು ದಾಟಿ ನನ್ನನ್ನೇ ನೋಡುತ್ತಿತ್ತು. "ಏನೋ ಹೇಳೋದಿದೆ ನಿಮಗೆ" ಅಂದಳು.

ಇತ್ತು. ಹೊರಗೆ ಆ ನೀಲಿಯನ್ನು ಇಟ್ಟುಕೊಂಡು ಒಳಗೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಕೆರೆಯದೆ ಬಿಟ್ಟದ್ದು, ಪ್ರೈಮರ್ ಕೊಡದಿದ್ದದ್ದು, ಯಾಕೆ ಅನ್ನುವುದು. "ನೀವು ಹೋಗಿಬಿಡ್ತೀರ ಅಂತ ಭಯ ಇತ್ತು. ನಿಮ್ಮ ಮೇಲೆ ಮನಸ್ಸಿದೆ. ಆದ್ರೆ ಅವರ ಹೆಸರಲ್ಲಿ ನಿಮಗೆ ಮೋಸ ಮಾಡಿದೆ."

"ಕಳ್ಳನಿಗೊಂದು ಪಿಳ್ಳೆ ನೆವ" ಅಂದಳು. ಸಿಟ್ಟಿರಲಿಲ್ಲ. "ಗೊತ್ತಿತ್ತು, ಎರಡನೇ ವರ್ಷದಿಂದಾನೇ. ಅದೇ ಗೋಡೆ, ಅದೇ ಗಾಳಿ. ಆ ತುದಿ ಗಟ್ಟಿ, ಕಿಟಕಿ ಪಕ್ಕ ಮಾತ್ರ ಏಳುತ್ತೆ. ಬೇಕು ಅಂತಾನೇ ಸಡಿಲ ಬಿಟ್ಟ ಹೊಲಿಗೆ ಟೈಲರಿಗೆ ತಿಳಿಯಲ್ವಾ?"

ಮಿಷಿನ್ ಕೆಳಗಿನಿಂದ ತುಕ್ಕು ಹಿಡಿದ ಒಂದು ಟಿನ್ ಎಳೆದಳು. ಒಳಗೆ ತಳದಲ್ಲಿ ಒಣಗಿದ ನೀಲಿ.

"ಅವರು ಬಿಟ್ಟು ಹೋಗಿದ್ದು. ಹೋದ ವರ್ಷ ನಿಮ್ಮ ಭಾವ ಎಲ್ಲ ಕೆರೆದು ಹಾಕಿದ್ರು. ಮಳೆಗಾಲ ಮುಗಿದ್ರೂ ಗೋಡೆ ಬೆಳ್ಳಗೇ ಇತ್ತು. ಬಣ್ಣ ಅಷ್ಟು ಗಟ್ಟಿ ನಿಂತ್ರೆ ಪೇಂಟರನ್ನ ಯಾವ ನೆವಕ್ಕೆ ಕರೀಲಿ? ಟರ್ಪೆಂಟೈನ್ ಹಾಕಿ ಇದ್ದ ಚೂರನ್ನ ಕರಗಿಸಿ, ನಾನೇ ಹಚ್ಚಿದೆ. ನೀವು ಎಳೆಯೋ ಹಾಗೇ, ಮೇಲಿಂದ ಕೆಳಕ್ಕೆ."

ನನಗೆ ಹೋದ ಜೀವ ಬಂದ ಹಾಗಾಯಿತು. ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಇಲ್ಲಿ ಕಳ್ಳರು ಇಬ್ಬರು."

ಅವಳು ನಗಲಿಲ್ಲ. "ಹೊರಗೆ ಬನ್ನಿ" ಅಂದಳು.

ಬಿಸಿಲು ಗೋಡೆಯ ಮೇಲೆ ಪೂರಾ ಬಿದ್ದಿತ್ತು. ಅವಳು ಕಿಟಕಿಯ ಅಂಚಿನ ಕೆಳಗೆ ಅಂಗೈ ಇಟ್ಟಳು. "ನಾನು ಹಚ್ಚಿದ್ದು ಇಷ್ಟೇ. ಟಿನ್ನಲ್ಲಿ ಅಷ್ಟೇ ಇದ್ದಿದ್ದು."

ಅಂಗೈಯಗಲ. ಉಳಿದದ್ದು ನನ್ನ ತಲೆಗಿಂತ ಮೇಲೆ ಹೋಗಿತ್ತು.

"ಮೂರು ದಿನದಿಂದ ಬೆಳೀತಿದೆ. ಯಾರಿಗೂ ಹೇಳಲಿಲ್ಲ. ನೀವು ಬರ್ಲಿ ಅಂತ ಕಾದೆ."

ಹತ್ತಿರ ಹೋಗಿ ನೋಡಿದೆ. ಅವಳ ಬೆರಳ ಸಂದಿಯಲ್ಲಿ ಕಂಡ ಬ್ರಷ್ ಗೆರೆಗಳು ಮೇಲಿನಿಂದ ಕೆಳಕ್ಕೆ ಇದ್ದವು. ಸುತ್ತಲಿನ ಗೆರೆಗಳೆಲ್ಲ ಅಡ್ಡಡ್ಡ. ಒಂದರ ಮೇಲೆ ಬೆರಳಿಟ್ಟೆ. ಹಸಿಯಾಗಿತ್ತು. ಮೂಸಿದೆ. ಪೇಂಟಿನ ವಾಸನೆ ಇರಲಿಲ್ಲ, ಸಮುದ್ರದ ವಾಸನೆ ಇತ್ತು.

"ಭಾವ ಎಲ್ಲೋ ಮೈಗಳ್ಳತನ ಮಾಡಿರಬೇಕು" ಅಂದೆ. ಭಾವ ಎಂಥವರು ಅಂತ ಇಬ್ಬರಿಗೂ ಗೊತ್ತಿತ್ತು.

"ಹೆದರಿಕೆ ಆಗ್ತಿದೆಯಾ?"

"ಆಗ್ತಿದೆ."

"ನಂಗೂ ಮೊದಲ ದಿನ ಆಯ್ತು. ಆಮೇಲೆ ಕೂತು ಯೋಚನೆ ಮಾಡಿದೆ. ಇಷ್ಟು ವರ್ಷ ಈ ನೀಲಿ ಕಂಡಾಗೆಲ್ಲ ಗೇಟ್ ತೆಗೆದು ಒಳಗೆ ಬಂದಿದ್ದು ಯಾರು?"

"ಯಾರು?" ತಿರುಗಿ ಗೇಟಿನ ಕಡೆ ನೋಡಿದೆ.

"ನೀನು" ಅಂದಳು.

ಏಳು ವರ್ಷದಲ್ಲಿ ಮೊದಲ ಸಲ. ಹಿಂದೆ ಒಂದು ಅಲೆ ಬಂದು, ಮರಳನ್ನು ಎಳೆದುಕೊಂಡು ಹೋಯಿತು.

"ನಿನ್ನ ಕರೆಸ್ತಿರೋದು ನಾನೊಬ್ಬಳೇ ಅಲ್ಲ ಅನ್ಸುತ್ತೆ" ಅಂದಳು, ಗೋಡೆಯಿಂದ ಕೈ ತೆಗೆಯದೆ. ಇನ್ನೊಂದು ಕೈಯಲ್ಲಿ ನನ್ನ ಮುರಿದು ಕೂಡಿದ ಕೈಯನ್ನು ಹಿಡಿದಳು. ನೋವಾಯಿತು, ಬಿಡಿಸಿಕೊಳ್ಳಲಿಲ್ಲ.

"ಇದನ್ನ ಏನು ಮಾಡ್ಲಿ? ಕೆರೀಲಾ?"

"ಬೇಡ. ಅವರೂ ಇರ್ಲಿ. ಉಳಿದ ಗೋಡೆ ಹಚ್ಚು. ಕೆಲಸ ಮುಗಿದ ಮೇಲೆ ಏಣಿ ಮಾತ್ರ ವಾಪಸ್ ತಗೊಂಡು ಹೋಗ್ಬೇಡ."

ಏಣಿ ಅವತ್ತಿನಿಂದ ಆ ಮನೆಯಲ್ಲೇ ಇದೆ. ನೀಲಿ ಆಮೇಲೆ ಒಂದು ಬೆರಳಷ್ಟೂ ಬೆಳೆಯಲಿಲ್ಲ.