ಮುಂದಿನ ಸೀಸನ್

"ಭಾನು, ಮಾರಿಕುಪ್ಪಂ ಟ್ರೇನು ಯಾವ ಪ್ಲಾಟ್‌ಫಾರಂಗೆ ಬರತ್ತೆ?"

ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆಯ ನಟ್ಟನಡುವೆ ಅಪ್ಪ ನಿಂತುಬಿಟ್ಟಿದ್ದ. ಭಾನುಪ್ರಿಯಳಿಗೆ ನಗು ಬಂತು. ಅಪ್ಪ ಮಾರಿಕುಪ್ಪಂ ದಾರಿಯ ಊರಿಗಾಂನಲ್ಲೇ ಹುಟ್ಟಿ ಬೆಳೆದವನು. ಚಿಕ್ಕಂದಿನಿಂದ ಇದೇ ಟ್ರೇನಿನಲ್ಲಿ ಓಡಾಡಿದವನು.

"ತಮಾಷೆ ಸಾಕಪ್ಪಾ, ನಡಿ."

ಅಪ್ಪ ನಡೆಯಲಿಲ್ಲ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಹಿಂದೆ ಬರುತ್ತಿದ್ದವರು ಗೊಣಗಿಕೊಂಡು ಪಕ್ಕದಿಂದ ಹೋದರು. ಅಂಗಡಿ ಬೀದಿಯಲ್ಲಿ ಅಮ್ಮನ ಕೈ ತಪ್ಪಿಹೋದ ಮಗುವಿನಂತೆ ಅವನು ಕಣ್ಣು ಕಣ್ಣು ಬಿಡುತ್ತಿದ್ದ. ಭಾನುವಿನ ನಗು ನಿಂತುಹೋಯಿತು. ಅವನ ದಪ್ಪ ಬೆರಳುಗಳನ್ನು ಹಿಡಿದು ಮೆಟ್ಟಿಲು ಇಳಿಸಿದಳು.

ಟ್ರೇನು ಹೊರಟ ಮೇಲೆ ಅಪ್ಪ ಸರಿಹೋದ.

"ಅಮ್ಮಂಗೆ ಏಳ್ಬೇಡ ಕಣಮ್ಮ," ಎಂದ ಮೆಲ್ಲಗೆ.

"ಯಾಕೆ?"

"ಸುಮ್ನೆ ಗಾಬರಿ ಬೀಳ್ತಾಳೆ. ಬರೋ ವಾರ ನಾನು ಓಗ್ಬೇಕು, ಸೀಸನ್ ಶುರುವಾಗತ್ತೆ. ನಮ್ಮಿಬ್ರಲ್ಲೇ ಇರ್ಲಿ. ಪ್ರಾಮಿಸ್?"

"ಪ್ರಾಮಿಸ್," ಎಂದಳು ಭಾನು.

ಭಾನುವಿನ ಅಪ್ಪ ಚಿರಂಜೀವಿ ರಗ್ಬಿ ಆಟಗಾರ. ಬೆಂಗಳೂರಿನಲ್ಲಿ ಓದುವಾಗ ಆಟ ಕಲಿತು, ಈಗ ಕೊಲಂಬೊದ ಒಂದು ಕ್ಲಬ್ಬಿಗೆ ಆಡುತ್ತಿದ್ದ. ಆಡುವುದೇ ಅವನ ಕೆಲಸ. ಕ್ಲಾಸಿನಲ್ಲಿ ಯಾರಿಗೂ ರಗ್ಬಿ ಗೊತ್ತಿರಲಿಲ್ಲ. ಭಾನುವೇ ಕೈ ಆಡಿಸಿ ಹೇಳಬೇಕಿತ್ತು.

"ಬಾಲು ಮೊಟ್ಟೆ ಥರ ಇರತ್ತೆ. ಎತ್ಕೊಂಡು ಓಡ್ಬೇಕು. ಆಮೇಲೆ ಸ್ಕ್ರಮ್ ಅಂತ ಇದೆ. ಈ ಕಡೆ ಎಂಟು ಜನ, ಆ ಕಡೆ ಎಂಟು ಜನ, ಬಗ್ಗಿ ಟಗರು ಥರ ತಳ್ಳೋದು. ನಮ್ಮಪ್ಪ ಫ್ರಂಟಲ್ಲಿ ಇರ್ತಾರೆ!"

"ನಿಮ್ಮಪ್ಪನ ತಲೆ ಕಲ್ಲು ಕಣೇ," ಎನ್ನುತ್ತಿದ್ದ ಕ್ಲಾಸಿನ ಬಾಲಾಜಿ. ಭಾನುವಿಗೆ ಹೆಮ್ಮೆಯಾಗುತ್ತಿತ್ತು.

ಆದರೆ ಕಳೆದ ಸೀಸನ್ನಿನಲ್ಲಿ ಆ ತಲೆಗೆ ಎರಡು ಸಲ ಪೆಟ್ಟು ಬಿದ್ದಿತ್ತು. ಎರಡನೇ ಸಲ ಅಪ್ಪ ಹುಲ್ಲಿನ ಮೇಲೆ ಬಿದ್ದವನು ಏಳಲಿಲ್ಲ. ಫೋನಿನಲ್ಲಿ ಮ್ಯಾಚ್ ನೋಡುತ್ತಿದ್ದ ಅಮ್ಮ ಸ್ಟ್ರೆಚರ್ ಬರುವ ಮೊದಲೇ ಫೋನು ಮಗುಚಿ ಇಟ್ಟಿದ್ದಳು.

ಈಗ ಮನೆಯಲ್ಲಿ ಅಪ್ಪ ಹಗಲೆಲ್ಲ ಕಿಟಕಿ ಮುಚ್ಚಿ ಮಲಗುತ್ತಿದ್ದ. ಬೆಳಕು ಕಣ್ಣಿಗೆ ಚುಚ್ಚುತ್ತದಂತೆ. ಅಮ್ಮ ಅರುಣಕುಮಾರಿ ಫ್ಯಾಕ್ಟರಿಗೆ ಹೋಗಿದ್ದಾಗ ಒಂದು ದಿನ ಅವನು ಒಲೆ ಹಚ್ಚಿ ಹಾಲಿಟ್ಟು ಮರೆತೇಬಿಟ್ಟ. ಪಾತ್ರೆ ಸುಟ್ಟು ಕಪ್ಪಾಗಿತ್ತು. ಸ್ಕೂಲಿನಿಂದ ಬಂದ ಭಾನು ಗ್ಯಾಸ್ ಆಫ್ ಮಾಡಿ, ಪಾತ್ರೆಯನ್ನು ಬೂದಿ ಹಾಕಿ ಉಜ್ಜಿದಳು. ಅಮ್ಮ ಕೇಳಿದಾಗ "ನಾನೇ ಸೀಯಿಸ್ದೆ" ಎಂದಳು. ಬೈಸಿಕೊಂಡಳು. ಪ್ರಾಮಿಸ್ ಅಂದರೆ ಪ್ರಾಮಿಸ್.

ಭಾನುವಾರ ಕೋಚ್ ವಿಡಿಯೊ ಕಾಲ್ ಮಾಡಿದರು. ಅಪ್ಪ ಅಂಗಿ ಬದಲಿಸಿ, ಕೂದಲು ಬಾಚಿ, ನೆಟ್ಟಗೆ ಕೂತ. ಭಾನು ಫೋನು ಹಿಡಿದುಕೊಂಡಳು.

"ಹೆಡೇಕ್?" ಕೋಚ್ ಕೇಳಿದರು.

"ನೋ, ಕೋಚ್."

"ಮೆಮೊರಿ?"

"ಆಲ್ ಗುಡ್, ಕೋಚ್."

ಅಷ್ಟು ಇಂಗ್ಲಿಷು ಭಾನುವಿಗೂ ಗೊತ್ತಿತ್ತು. ಅವಳು ಅಪ್ಪನ ಮುಖ ನೋಡಲು ಬಗ್ಗಿದಳು. ಕೋಚ್‌ಗೆ ಅವಳ ಮುಖ ಕಂಡಿತು.

"ಹಲೋ, ಭಾನು! ಡ್ಯಾಡಿ ರೆಡಿ?"

'ಎಸ್' ಎಂದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಎಂಟು ಜನ ತಲೆ ತಗ್ಗಿಸಿ ನುಗ್ಗಿ ಬರುವಾಗ, ಅಪ್ಪ ಯಾವ ಕಡೆ ತಳ್ಳಬೇಕೆಂದು ತಿಳಿಯದೆ ನಿಂತಿರುವುದು ಅವಳ ಕಣ್ಣಿಗೆ ಕಟ್ಟಿತು.

"ನೋ, ಸರ್," ಎಂದಳು. "ಡ್ಯಾಡಿ ಫರ್ಗೆಟ್ಸ್. ಎವ್ರಿ ಡೇ ಹೆಡೇಕ್."

ಅಡುಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಂತಿತು. ಅಪ್ಪ ಫೋನು ಕಿತ್ತುಕೊಂಡು ಆಫ್ ಮಾಡಿದ.

"ನೀನು ಪ್ರಾಮಿಸ್ ಮಾಡಿದ್ದೆ," ಎಂದ. ಅಷ್ಟೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪನ ತಲೆಯ ಸ್ಕ್ಯಾನ್ ಆಯಿತು. "ಇನ್ನೊಂದ್ಸಲ ಏಟು ಬಿದ್ರೆ, ಸರ್?" ಎಂದು ಅಮ್ಮ ಕೇಳಿದಳು. ಡಾಕ್ಟರು ಭಾನುವನ್ನು ಹೊರಗೆ ಕಳಿಸಿದರು. ಗಾಜಿನಾಚೆ ಅವರ ಮಾತು ಕೇಳಿಸಲಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಮಾತ್ರ ಕಂಡಿತು.

ಸೀಸನ್ ಶುರುವಾಯಿತು. ಅಪ್ಪನ ಜಾಗದಲ್ಲಿ ಬೇರೊಬ್ಬರು ಆಡಿದರು. ಅಪ್ಪ ಭಾನುವಿನ ಜೊತೆ ಮಾತು ಬಿಟ್ಟ. ಕಾಫಿ ಕೊಟ್ಟರೆ ಮುಖ ನೋಡದೆ ಲೋಟ ತೆಗೆದುಕೊಳ್ಳುತ್ತಿದ್ದ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

"ನನ್ನಿಂದ್ಲೇ ಆಯ್ತು ಅಲ್ವಾಮ್ಮ?" ಭಾನು ಅತ್ತಳು.

ಅಮ್ಮ ಅವಳ ಜಡೆ ಬಿಚ್ಚತೊಡಗಿದಳು. "ನಂಗೂ ಗೊತ್ತಿತ್ತು ಕಣಮ್ಮ. ಕೇಳೋಕೆ ಎದ್ರಿಕೊಂಡು ಸುಮ್ನಿದ್ದೆ."

ಒಂದು ಸಂಜೆ ಅಮ್ಮನ ಬಲವಂತಕ್ಕೆ ಅಪ್ಪ ಮೈದಾನಕ್ಕೆ ಬಂದ. ಅಪ್ಪ ಮತ್ತು ಭಾನು ಮೋಟುಗೋಡೆಯ ಮೇಲೆ ದೂರ ದೂರ ಕೂತರು. ಕ್ರಿಕೆಟ್ ಆಡುತ್ತಿದ್ದ ಬಾಲಾಜಿ ಬ್ಯಾಟು ಎತ್ತಿಕೊಂಡೇ ಓಡಿಬಂದ.

"ಅಂಕಲ್! ಇನ್ನೂ ಓಗಿಲ್ವಾ? ಮುಂದಿನ ಮ್ಯಾಚ್ ಯಾವಾಗ?"

ಭಾನು ತಲೆ ತಗ್ಗಿಸಿದಳು. 'ಇವಳನ್ನೇ ಕೇಳು' ಅನ್ನುತ್ತಾನೆ ಅಪ್ಪ, ಅಂದುಕೊಂಡಳು.

ಅಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇನ್ನು ಆಡಲ್ಲಪ್ಪ," ಎಂದ.

ಅಷ್ಟು ದೊಡ್ಡ ಮೈಯೊಳಗಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಭಾನು ಎಂದೂ ಕೇಳಿರಲಿಲ್ಲ. ಅಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬಾಲಾಜಿ ಬ್ಯಾಟು ಇಳಿಸಿ ಹೊರಟುಹೋದ.

ಈ ಒಂದು ಮಾತು ಇಷ್ಟು ದಿನ ಅಪ್ಪನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅವನು ಮಾತು ಬಿಟ್ಟದ್ದನ್ನು ಅವಳು ಕೋಪ ಅಂದುಕೊಂಡಿದ್ದಳು. ಭಾನು ಜರುಗಿ ಜರುಗಿ ಅವನ ಪಕ್ಕಕ್ಕೆ ಬಂದು ಕೂತಳು.

"ನಾಳೆ ಸ್ಕೂಲ್ ಐತಾ?" ಅಪ್ಪ ಕೇಳಿದ.

"ಹ್ಞೂಂ, ಇದೆಯಪ್ಪಾ."

ಅಪ್ಪ ತಲೆಯಾಡಿಸಿದ. ಮೈದಾನದಲ್ಲಿ ಯಾರೋ ಔಟಾದರು, ಹುಡುಗರು ಕೂಗಾಡಿದರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಅವಳ ಕಡೆ ತಿರುಗಿದ.

"ನಾಳೆ ಸ್ಕೂಲ್ ಐತಾ, ಭಾನು?"

ಭಾನು ಅವನ ಮುಖ ನೋಡಿದಳು.

"ಹ್ಞೂಂ, ಇದೆಯಪ್ಪಾ," ಎಂದಳು, ಅವನು ಅದನ್ನು ಮೊದಲ ಸಲ ಕೇಳುತ್ತಿದ್ದಾನೆ ಎಂಬಂತೆ.