ಮೇಲೆ ಬಿಳಿ, ಕೆಳಗೆ ಕೆಂಪು

ಹೊರ್ತಿಯ ಹೊಲಗಳಲ್ಲಿ ತೊಗರಿ ಕೊಯ್ಲು ಜೋರಾಗಿತ್ತು. ಬಿಳಿಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತ್ತು. ಚಳಿ ಬಿಡುವ ಮೊದಲೇ ಬುತ್ತಿ ಕಟ್ಟಿಕೊಂಡು ಅರ್ಧ ಊರು ಹೊಲ ಸೇರಿ, ಓಣಿಗಳು ಭಣಗುಡುತ್ತಿದ್ದವು. ಇಬ್ರಾಹಿಂಸಾಬರ ಹಿತ್ತಲಲ್ಲಿ ಮಾತ್ರ ಗರಗರ ಎಂಬ ಸದ್ದು ನಡೆದೇ ಇತ್ತು.

ಅದು ಬಟ್ಟೆ ಒಗೆಯುವ ಮಶೀನು. ನಾಲ್ಕು ಕಬ್ಬಿಣದ ಕಾಲಿನ ಮೇಲೆ ತಗಡಿನ ದೊಡ್ಡ ಪೀಪಾಯಿ, ಬದಿಗೊಂದು ಹಿಡಿಕೆ. ತಿರುವಿದರೆ ಪೀಪಾಯಿ ಉರುಳುತ್ತಿತ್ತು, ಒಳಗಿನ ಬಟ್ಟೆಯೂ ಉರುಳುತ್ತಿತ್ತು. ಮೇಲೆ ಹಿಂಡುವುದಕ್ಕೆ ಎರಡು ರಬ್ಬರಿನ ಉರುಳೆ. ಸೊಲ್ಲಾಪುರದಲ್ಲಿ ಯಾರೋ ಸಾಹೇಬರು ಮನೆ ಖಾಲಿ ಮಾಡುವಾಗ ಮಾರಿದ್ದನ್ನು ಇಬ್ರಾಹಿಂಸಾಬರ ಮಗ ಗೈಬುಸಾಬ ತಂದಿದ್ದ. ಅವನು ಊರ ಹಿಟ್ಟಿನ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುವವನು. ಅಬಿದಾಳನ್ನು ಮದುವೆಯಾಗಿ ಐದು ತಿಂಗಳಾಗಿತ್ತು.

ಮಶೀನು ಬರುವವರೆಗೆ ಹಗಲು ಹೊತ್ತು ಅವನು ಅವಳೊಡನೆ ಒಂದು ಮಾತೂ ಆಡಿರಲಿಲ್ಲ. ಹಿರಿಯರಿದ್ದ ಮನೆಯಲ್ಲಿ ಅದು ರೀತಿಯಲ್ಲ. ಒಂದು ದಿನ ರೊಟ್ಟಿ ನೀಡುವಾಗ, ಹಳ್ಳದ ತಣ್ಣೀರಿಗೆ ಬಿರಿದಿದ್ದ ಅವಳ ಬೆರಳುಗಳನ್ನು ಅವನು ನೋಡಿದ. ಹದಿನೈದು ದಿನಕ್ಕೆ ಚಕ್ಕಡಿಯಲ್ಲಿ ಮಶೀನು ಬಂದು ಇಳಿಯಿತು.

"ಇದು ಒಬ್ಬರ ಕೈಲೆ ಆಗೂದಿಲ್ಲಮ್ಮ. ಒಬ್ಬರು ತಿರುವಬೇಕು, ಒಬ್ಬರು ನೀರು ಹಾಕಬೇಕು," ಎಂದು ತಾಯಿ ರೋಷನಬಿಗೆ ನೆಲ ನೋಡಿಕೊಂಡು ಹೇಳಿದ್ದ.

ಅದು ಸುಳ್ಳೆಂದು ಅಬಿದಾಳಿಗೆ ಮೊದಲ ದಿನವೇ ತಿಳಿಯಿತು. ಅವಳೂ ಸುಮ್ಮನಾದಳು.

ಹೀಗೆ ಗುರುವಾರಕ್ಕೊಮ್ಮೆ, ಗಿರಣಿಯ ರಜೆಯ ದಿನ, ಇಬ್ಬರಿಗೂ ಒಂದು ತಾಸು ಸಿಕ್ಕಿತು. ಮೊದಲ ಗುರುವಾರ ಅವನು ಇಡೀ ಸಬಕಾರದ ಬಾರನ್ನು ಒಳಗೆ ಹಾಕಿದ. ನೊರೆ ಉಕ್ಕಿ ಹಿತ್ತಲೆಲ್ಲ ಹರಿದು, ಅದರೊಳಗೆ ಹೊಕ್ಕ ಹುಂಜ ಬಿಳಿ ಗಡ್ಡ ಕಟ್ಟಿಕೊಂಡು ಹೊರಬಂತು. ಎರಡನೆಯ ಗುರುವಾರ ಉರುಳೆಯ ನಡುವೆ ಮಾವನ ಅಂಗಿಯ ಗುಂಡಿಗಳೆಲ್ಲ ಪಟಪಟನೆ ಒಡೆದವು. ಮರುದಿನ ಅವರು ಎದೆಗೆ ಶಾಲು ಬಿಗಿದುಕೊಂಡೇ ಮಸೀದಿಗೆ ಹೋದರು. ನೆರೆಮನೆಯ ತಿಪ್ಪವ್ವ ಗೋಡೆಯ ಮೇಲಿಂದ ಇಣುಕಿ, "ಏನೋ ಗೈಬು, ಗಿರಣ್ಯಾಗ ಜ್ವಾಳಾ ಬೀಸಿ ಸಾಕಾಗಿ ಮನ್ಯಾಗ ಹೆಂಡ್ತಿ ಸೀರಿ ಬೀಸಾಕತ್ತೀಯೇನು?" ಎಂದಳು. ಅವನ ಕಿವಿ ಕೆಂಪಾದವು. ತಿರುವುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮೂರನೆಯ ಗುರುವಾರ ಅಬಿದಾ ಮದುವೆಯ ಕೆಂಪು ಇಳಕಲ್ ಸೀರೆಯನ್ನು ಮೊದಲ ಸಲ ಒಗೆಯಲು ತಂದಳು. ಹಳ್ಳದಲ್ಲಿ ಅವಳ ತಾಯಿ ಕಲಿಸಿದ ಪಾಠ ಒಂದೇ: ಬಿಳಿ ಬಟ್ಟೆ ನೀರು ಬರುವ ಕಡೆ ಮೇಲೆ, ಬಣ್ಣ ಬಿಡುವ ಕೆಂಪು ಬಟ್ಟೆ ಕೆಳಗೆ. ಹಾಗೆ ಒಗೆದರೆ ಕೆಂಪಿನ ನೀರು ಬಿಳಿಯನ್ನು ಮುಟ್ಟುವುದಿಲ್ಲ. ಅದೇ ರೀತಿ ಅವಳು ಕೆಂಪು ಸೀರೆಯನ್ನು ಪೀಪಾಯಿಯ ತಳದಲ್ಲಿಟ್ಟು, ಮೇಲೆ ಮಾವ ತಲೆಗೆ ಸುತ್ತುವ ಬಿಳಿ ರುಮಾಲು, ಗಂಡನ ಅಂಗಿ ಪಾಯಜಾಮ ಎಲ್ಲ ನೀಟಾಗಿ ಜೋಡಿಸಿದಳು.

"ಸೀರಿ ಯಾಕ ತಳದಾಗ ಇಟ್ಟಿ?" ಎಂದ ಗೈಬುಸಾಬ.

"ಬಿಳಿ ಮ್ಯಾಲ, ಕೆಂಪು ಕೆಳಗ. ಅಷ್ಟೂ ಗೊತ್ತಿಲ್ಲೇನ್ರಿ ನಿಮಗ?"

ಅವಳು ಹುಬ್ಬು ಏರಿಸಿ ನಕ್ಕಳು. ನಗುವಾಗ ಮೂಗಿನ ನತ್ತು ಬಿಸಿಲಿಗೆ ಒಮ್ಮೆ ಮಿಣುಕಿತು. ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿ, ಹಿಡಿಕೆ ಹಿಡಿದ.

"ಎಷ್ಟು ಸುತ್ತು ಆತ್ರಿ?" ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು.

"ಎಣಸೂದು ಬಿಟ್ಟು ಭಾಳ ಹೊತ್ತಾತು."

"ಯಾಕ?"

"ನೀ ಎದುರಿಗಿದ್ದೀಯಲ್ಲ."

ಅಬಿದಾ ಸೆರಗಿನ ತುದಿ ಕಚ್ಚಿಕೊಂಡಳು. ಆ ತಾಸು ಇನ್ನೂ ಉದ್ದವಾಗಲೆಂದು ಬೇಕಿಲ್ಲದಿದ್ದರೂ ಒಂದು ಕೊಡ ನೀರು ಹೆಚ್ಚಿಗೆ ಹಾಕಿದಳು.

ಮುಚ್ಚಳ ತೆಗೆದಾಗ ಒಳಗೆ ಬಿಳಿ ಎಂಬುದೇ ಉಳಿದಿರಲಿಲ್ಲ. ರುಮಾಲು, ಅಂಗಿ, ಪಾಯಜಾಮ ಎಲ್ಲ ಗುಲಾಬಿ.

"ಅಯ್ಯ ನನ್ನ ಕರ್ಮ! ನಾಳೆ ಜುಮ್ಮಾ ನಮಾಜು!" ರೋಷನಬಿ ಒದ್ದೆ ರುಮಾಲನ್ನು ಪಡಸಾಲೆಗೆ ತಂದು ಗಂಡನ ಮುಂದೆ ಹಿಡಿದಳು. "ಈ ವಯಸ್ಸಿನ್ಯಾಗ ಮದುಮಗನ ಹಂಗ ರಂಗಾಗಿ ಹೋಗ್ರಿ ಇನ್ನ!"

ಇಬ್ರಾಹಿಂಸಾಬ ಕೂಗಾಡುವ ಮನುಷ್ಯನಲ್ಲ. ರುಮಾಲನ್ನು ಎರಡು ಕಡೆ ತಿರುಗಿಸಿ ನೋಡಿ ಹೇಳಿದರು: "ನಾಳೆ ಪರಪ್ಪನ ಗಾಡಿ ಕರಸ್ತೇನಿ. ಆ ಪೀಪಾಯಿ ಹೋಗಲಿ. ಅದರ ಕೂಡ ಸೊಸಿನೂ ಹಿಪ್ಪರಗಿಗೆ ಹೋಗಲಿ. ಆರು ತಿಂಗಳು ತಾಯಿ ಹತ್ರ ಇದ್ದು, ಬಟ್ಟಿ ಒಗಿಯೂದು ಕಲತು ಬರಲಿ."

ಆರು ತಿಂಗಳು. ಅಬಿದಾ ಕಂಬದ ಹತ್ತಿರ ನಿಂತಿದ್ದ ಗಂಡನ ಕಡೆ ನೋಡಿದಳು. ಒಂದು ಮಾತು ಸಾಕಿತ್ತು. ಅವನು ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದ.

ಅವಳು ಅವನಿಂದ ಕಣ್ಣು ಕಿತ್ತು ಮಾವನ ಕಡೆ ತಿರುಗಿದಳು.

"ನಾ ಹೋಗೂದಿಲ್ರಿ ಮಾವ."

ಇಬ್ರಾಹಿಂಸಾಬ ರುಮಾಲು ಕೆಳಗಿಟ್ಟು ಸೊಸೆಯ ಕಡೆ ನೋಡಿದರು.

"ಬಟ್ಟಿ ಜೋಡಿಸಿದಾಕಿ ನಾನು, ಖರೆ. ತಿರುವಿದವ್ರು ನಿಮ್ಮ ಮಗ. ಕಳಸೂದಾದ್ರ ಇಬ್ಬರನ್ನೂ ಕಳಸ್ರಿ. ಒಬ್ಬಾಕಿನ್ನ ಕಳಸಿದ್ರ ಗಾಡಿ ಏರೂದಿಲ್ಲ."

"ನೋಡ್ರಿ ಇಕಿ ಬಾಯಿ!" ಎಂದು ರೋಷನಬಿ ಗಲ್ಲಕ್ಕೆ ಕೈ ಹಚ್ಚಿದಳು.

ಶುಕ್ರವಾರ ನಮಾಜಿನ ಹೊತ್ತಿಗೆ ಸ್ವಲ್ಪ ಮುಂಚೆ ಪರಪ್ಪನ ಗಾಡಿ ಬಾಗಿಲಿಗೆ ಬಂದು ನಿಂತಿತು. ಅಷ್ಟರಲ್ಲೇ ಅಬಿದಾ ಮಶೀನನ್ನು ಹಿತ್ತಲಿಂದ ಎಳೆದು ತಂದು ಓಣಿಗೆ, ಮಾವ ಕೂತಿದ್ದ ಮನೆ ಮುಂದಿನ ಕಟ್ಟೆಯ ಹತ್ತಿರ ನಿಲ್ಲಿಸಿದ್ದಳು. ಅದರೊಳಗೆ ಗುಲಾಬಿ ರುಮಾಲು, ಸೋಡಾಪುಡಿ, ಬಿಸಿನೀರು. ತಾನೇ ಹಿಡಿಕೆ ಹಿಡಿದು ತಿರುವತೊಡಗಿದಳು. ಓಣಿಯಲ್ಲಿ ಉಳಿದಿದ್ದವರೆಲ್ಲ ನೆರೆದರು.

"ಹೌದಲ್ಲಬೇ! ಇದು ಒಬ್ಬಾಕಿ ಕೈಲೇನ ತಿರಗತೈತಿ!" ತಿಪ್ಪವ್ವ ಬೆರಗಾದಳು.

"ತಿರಗತೈತಿ ಬೇ. ಮತ್ತೊಬ್ಬರ ಹಂಗು ಬೇಕಿಲ್ಲ," ಎಂದಳು ಅಬಿದಾ, ಮನೆಯ ಬಾಗಿಲಿಗೆ ಕೇಳುವ ಹಾಗೆ.

ಬಾಗಿಲಲ್ಲಿ ಗೈಬುಸಾಬ ಕಾಣಿಸಿಕೊಂಡ. ಗುಲಾಬಿ ಅಂಗಿ, ಗುಲಾಬಿ ಪಾಯಜಾಮ, ತಲೆಯ ಮೇಲೆ ಜುಮ್ಮಾದ ಟೋಪಿ. ಯಾರೋ ಕಿಸಕ್ಕನೆ ನಕ್ಕರು. ಅವನು ಮೆಟ್ಟಿಲಿಳಿದು ನೇರ ಕಟ್ಟೆಯ ಮೇಲಿದ್ದ ತಂದೆಯ ಮುಂದೆ ನಿಂತ.

"ಅಬ್ಬಾ, ಸೀರಿ ಒಳಗ ಹೋಗೂದು ನಾ ಕಂಡಿದ್ನಿ. ಇಂಜಿನ್ ಬಿಚ್ಚಿ ಜೋಡಸಾಂವ ನಾನು. ತಿರುಗೂ ಪೀಪಾಯ್ಯಾಗ ಮ್ಯಾಲ ಕೆಳಗ ಅನ್ನೂದು ಇರೂದಿಲ್ಲಂತ ನನಗ ಗೊತ್ತಿತ್ತು, ಆಕಿಗೆ ಗೊತ್ತಿರಲಿಲ್ಲ. ಹೇಳಬೇಕಂದೆ. ಆಕಿ ಮಾರಿ ನೋಡಕೋತ ಮರತೆ."

ಓಣಿ ನಗೆಗಡಲಾಯಿತು. ಇಬ್ರಾಹಿಂಸಾಬರ ಮೀಸೆ ಮಾತ್ರ ಅಲುಗಲಿಲ್ಲ.

"ನಾಚಿಕಿ ಐತೇನು ನಿನಗ?"

"ನಿನ್ನೆ ಇತ್ತು ಅಬ್ಬಾ. ಇವತ್ತು ಇಲ್ಲ. ಇದ ಅಂಗಿ ಮ್ಯಾಲ ನಮಾಜಿಗೆ ಬರ್ತೇನಿ. ಮಶೀನೂ ಇಲ್ಲೇ ಇರತೈತಿ, ಅಬಿದಾನೂ ಇಲ್ಲೇ ಇರತಾಳ."

ಓಣಿಯ ನಡುವೆ, ಹಗಲು ಹೊತ್ತಿನಲ್ಲಿ, ಗಂಡನೊಬ್ಬ ಹೆಂಡತಿಯ ಹೆಸರೆತ್ತಿದ್ದ. ರೋಷನಬಿ ಬಾಗಿಲ ಹಿಂದೆ ಸರಿದಳು. ಅಬಿದಾಳ ಕೈ ಹಿಡಿಕೆಯ ಮೇಲೇ ನಿಂತಿತು.

ಇಬ್ರಾಹಿಂಸಾಬ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೆರೆದ ಜನವನ್ನೂ ನೋಡಿದರು. ಕೊನೆಗೆ ಎದ್ದು ಕೋಲು ತೆಗೆದುಕೊಂಡರು.

"ಪರಪ್ಪಾ, ಗಾಡಿ ಹೊಳ್ಳಿಸು," ಎಂದು, ಮಗನ ಕಡೆ ತಿರುಗಿ, "ನೀ ನನ್ನ ಹಿಂದ ಹತ್ತು ಮಾರು ದೂರ ಬಾ. ಜೋಡಿ ನಡಿಬ್ಯಾಡ," ಎಂದರು.

ಅವರು ಹತ್ತು ಮಾರು ಮುಂದೆ ಹೋಗುವವರೆಗೆ ಗೈಬುಸಾಬ ಕಾಯಬೇಕಾಯಿತು. ಕಾಯುತ್ತ ಮಶೀನಿನ ಹತ್ತಿರ ಬಂದ.

"ಒಬ್ಬಾಕಿ ಕೈಲೇ ಆಗತೈತಿ ಅಂತ ಯಾವಾಗಿಂದ ಗೊತ್ತಿತ್ತು?"

"ಮೊದಲ್ನೇ ದಿನದಿಂದ."

"ಮತ್ತ ಹೇಳಲಿಲ್ಲ?"

"ಹೇಳಿದ್ರ ನೀವು ಹಿತ್ತಲಕ ಬರೂದ ಬಿಡತಿದ್ರಿ." ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. "ನಿನ್ನೆ ನನಗ ಒಂದ ಮಾತು ಬೇಕಾಗಿತ್ರಿ."

"ಇವತ್ತು ಇಡೀ ಓಣಿ ಮುಂದ ಆಡಿದ್ನಲ್ಲ."

"ಇವತ್ತಿಂದು ಇವತ್ತಿಗೆ ಆತು. ನಿನ್ನಿದು ಬಾಕಿನ ಐತಿ."

"ಹೆಂಗ ತೀರಸಲಿ?"

"ಅದು ತೀರೂದಲ್ಲ," ಎಂದಳು ಅಬಿದಾ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ತುಟಿ ಮಾತ್ರ ನಗುತ್ತಿತ್ತು. "ಇರಲಿ ಬಿಡ್ರಿ, ನಿಮ್ಮ ಮ್ಯಾಲ. ಹೋಗಿ ಬರ್ರಿ, ಮಾವ ದೂರ ಹೋದ್ರು."

ಅವನು ಓಣಿಯ ತುಂಬ ನಗೆ ಎಬ್ಬಿಸುತ್ತ ನಡೆದ. ಅಬಿದಾ ಸೆರಗು ಮುಂದಕ್ಕೆಳೆದುಕೊಳ್ಳದೆ, ಆ ಗುಲಾಬಿ ಅಂಗಿ ಮಸೀದಿಯ ತಿರುವು ದಾಟುವವರೆಗೂ ಅಲ್ಲೇ ನಿಂತು ನೋಡಿದಳು.